ರೀಬಾಲಿಂಗ್: ಒಂದು ರಿಪೇರಿ ಕಸುಬಿನ ಚರಿತ್ರೆ

ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್‌ಗೆ ಕಾಲುಗಳಿರುವುದಿಲ್ಲ. ತಳದಲ್ಲಿ ಸಾಲುಸಾಲಾಗಿ ಕೂತ ನೂರಾರು ಬೆಸುಗೆ ಗುಂಡುಗಳೇ ಅದನ್ನು ಮದರ್‌ಬೋರ್ಡಿಗೆ ಕಚ್ಚಿಸುತ್ತವೆ. ಬಿಜಿಎ ಎನ್ನುವ ಈ ಜೋಡಣೆ ಕಾರ್ಖಾನೆಗೆ ಅನುಕೂಲ, ರಿಪೇರಿಯವರಿಗೆ ತಲೆನೋವು. ಬಿಟ್ಟುಹೋದ ಬೆಸುಗೆ ಕಣ್ಣಿಗೆ ಬೀಳದು, ಸೋಲ್ಡರಿಂಗ್ ಕಡ್ಡಿ ಅಲ್ಲಿಗೆ ತಲುಪದು. ಹಾಗಾಗಿ ಚಿಪ್ ಕೆಟ್ಟರೆ ಇಡೀ ಬೋರ್ಡನ್ನೇ ಬದಲಿಸುವುದು ಕಂಪನಿಗಳ ವಾಡಿಕೆಯಾಯಿತು.

ಚಿಪ್ಪನ್ನೇ ಕಿತ್ತು ಕೂರಿಸುವ ಕಸುಬಿಗೆ ಗಿರಾಕಿ ಹೆಚ್ಚಿದ್ದು ಒಂದು ದೊಡ್ಡ ದೋಷದಿಂದ. ಎನ್‌ವಿಡಿಯಾದ ಜಿ84, ಜಿ86 ಸರಣಿಯ ಚಿಪ್‌ಗಳಿದ್ದ ಎಚ್‌ಪಿ, ಡೆಲ್, ಆಪಲ್ ಲ್ಯಾಪ್‌ಟಾಪ್‌ಗಳ ಪರದೆಯಲ್ಲಿ ಮೊದಲು ಗೆರೆಗಳು ಮೂಡಿ, ಕೊನೆಗೆ ಪರದೆಯೇ ಕಪ್ಪಾಗುತ್ತಿತ್ತು. 2008ರ ಜುಲೈನಲ್ಲಿ ಕಂಪನಿ ಇದರ ಬಾಬ್ತಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಪಲ್, ವಾರಂಟಿ ಮುಗಿದ ಮ್ಯಾಕ್‌ಬುಕ್ ಪ್ರೊಗಳನ್ನೂ ಪುಕ್ಕಟೆಯಾಗಿ ಸರಿಪಡಿಸಿಕೊಡಲು ಒಪ್ಪಿತು. ಇಂಥ ಸವಲತ್ತಿನ ಗಡುವು ದಾಟಿದವರಿಗೆ ಉಳಿದದ್ದು ಬೆಂಗಳೂರಿನ ಎಸ್.ಪಿ. ರಸ್ತೆ, ದೆಹಲಿಯ ನೆಹರೂ ಪ್ಲೇಸ್‌ಗಳಂಥ ಕಡೆಯ ‘ಚಿಪ್ ಲೆವೆಲ್’ ಅಂಗಡಿಗಳು.

ಕೆಲಸ ನಾಜೂಕಿನದು. ಬೋರ್ಡನ್ನು ಕೆಳಗಿನಿಂದ ನಿಧಾನವಾಗಿ ಕಾಯಿಸಿ, ಮೇಲಿನಿಂದ ಬಿಸಿಗಾಳಿ ಅಥವಾ ಇನ್‌ಫ್ರಾರೆಡ್ ಶಾಖ ಕೊಟ್ಟು ಚಿಪ್ಪನ್ನು ಎತ್ತಬೇಕು. ಅವಸರಪಟ್ಟರೆ ಬೋರ್ಡ್ ಸೊಟ್ಟಗಾಗುತ್ತದೆ, ಇಲ್ಲವೇ ತಾಮ್ರದ ಪ್ಯಾಡುಗಳು ಕಿತ್ತುಬರುತ್ತವೆ. ಹಳೆಯ ಬೆಸುಗೆ ಒರೆಸಿ, ಫ್ಲಕ್ಸ್ ಸವರಿ, ಚಿಪ್‌ನ ಮೇಲೆ ಸ್ಟೆನ್ಸಿಲ್ ಇಟ್ಟರೆ ಅದರ ತೂತುಗಳಿಗೆ ಸಾಸಿವೆಗಿಂತ ಸಣ್ಣ ಗುಂಡುಗಳು ಕೂರುತ್ತವೆ. ಅವನ್ನು ಕರಗಿಸಿ ಚಿಪ್‌ಗೆ ಕಚ್ಚಿಸುವುದೇ ರೀಬಾಲಿಂಗ್. ಇಷ್ಟೆಲ್ಲ ಮಾಡದೆ ಚಿಪ್ಪಿಗೆ ಬರೀ ಬಿಸಿಗಾಳಿ ಹೊಡೆದು ಕಳಿಸುವ ‘ಹೀಟಿಂಗ್’ ಅಗ್ಗದ ದಾರಿ. ಸಲಕರಣೆಯಿಲ್ಲದವರು ಅಡುಗೆಯ ಓವನ್ನಿನಲ್ಲೂ ಬೋರ್ಡ್ ಬೇಯಿಸಿದ್ದುಂಟು!

ಅಂಗಡಿಗಳು ದೂರಿದ್ದು ಸೀಸರಹಿತ ಬೆಸುಗೆಯನ್ನು. ಐರೋಪ್ಯ ಒಕ್ಕೂಟದ ರೋಹ್ಸ್ ನಿಯಮ 2006ರ ಜುಲೈ 1ರಿಂದ ಸೀಸಕ್ಕೆ ಕಡಿವಾಣ ಹಾಕಿತ್ತು. ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಅದರ ಬದಲು ಬಂದ ತವರ-ಬೆಳ್ಳಿ-ತಾಮ್ರದ ಮಿಶ್ರಣಕ್ಕೆ ಸುಮಾರು 217 ಡಿಗ್ರಿ ಬೇಕು. ಹೊಸ ಬೆಸುಗೆ ಪೆಡಸು, ಅದೇ ಬಿರಿದಿರಬೇಕು ಎಂಬುದು ಅವರ ತರ್ಕ. ರೋಗ ನಿಜಕ್ಕೂ ಇದ್ದದ್ದು ಒಂದು ಅಂತಸ್ತು ಮೇಲೆ. ಸಿಲಿಕಾನ್ ತುಣುಕನ್ನು ಚಿಪ್‌ನ ತಳಹಲಗೆಗೆ ಸೇರಿಸುವ ಸೂಕ್ಷ್ಮ ಉಬ್ಬುಗಳು, ಅವುಗಳ ಸುತ್ತಲಿನ ಅಂಟು ಬಿಸಿಗೆ ಮೆದುವಾಗುತ್ತಿದ್ದ ಕಾರಣ, ಕಾದು ತಣಿದು ಬಿರಿಯುತ್ತಿದ್ದವು. ಹೊರಗಿನ ಗುಂಡು ಬದಲಿಸಲು ಕೊಟ್ಟ ಶಾಖದಲ್ಲಿ ಒಳಗಿನ ಬಿರುಕು ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತಿತ್ತು. ರೀಬಾಲಿಂಗ್ ಆದ ಯಂತ್ರ ಕೆಲವು ವಾರ ಅಥವಾ ತಿಂಗಳು ನಡೆದು ಮತ್ತೆ ಕೈಕೊಡುತ್ತಿದ್ದುದು ಇದರಿಂದಲೇ. ಬಾಳಿಕೆ ಬಂದದ್ದು ಸುಧಾರಿತ ಅಂಟಿನ ಹೊಸ ಚಿಪ್ ಹಾಕಿದ ಬೋರ್ಡುಗಳು ಮಾತ್ರ.

ತಪ್ಪು ನಿದಾನದ ಮೇಲೆ ಬೆಳೆದರೂ ಕೈಚಳಕ ವ್ಯರ್ಥವಾಗಲಿಲ್ಲ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದು ಬಂತು. 2015ರ ಸ್ಕೈಲೇಕ್ ಪೀಳಿಗೆಯ ಹೊತ್ತಿಗೆ ಇಂಟೆಲ್‌ನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೂ ಸಾಕೆಟ್ ಇಲ್ಲವಾಯಿತು. ಒಂದು ಕಾಲಕ್ಕೆ ಸ್ಕ್ರೂಡ್ರೈವರ್ ಸಾಕಾಗಿದ್ದ ರಿಪೇರಿಗೂ ಈಗ ಅದೇ ಬಿಸಿಗಾಳಿಯ ಯಂತ್ರ ಬೇಕು.