ಗೂಡಿನಿಂದ ಶುರುವಾದ ಹವ್ಯಾಸ

ಇವತ್ತಿನ ಎಪಿಸೋಡನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕ್ಯಾಮೆರಾ ತಗೊಂಡ ಮೊದಲ ವರ್ಷ. ನಮ್ಮ ಹಿತ್ತಲ ದಾಸವಾಳದ ಗಿಡದಲ್ಲಿ ಪಿಕಳಾರ, ಅಂದ್ರೆ ಬುಲ್‌ಬುಲ್, ಗೂಡು ಕಟ್ಟಿತ್ತು. ಎಲೆ ಅಡ್ಡ ಬರುತ್ತೆ ಅಂತ ಎರಡು ರೆಂಬೆಗಳನ್ನ ದಾರದಲ್ಲಿ ಹಿಂದಕ್ಕೆಳೆದು ಕಟ್ಟಿದೆ. ಫೋಟೊ ಚೆನ್ನಾಗೇ ಬಂತು. ದಾರ ಬಿಚ್ಚೋದು ಮರೆತೆ. ಮಾರನೇ ದಿನ ಗೂಡು ಖಾಲಿ. ಕಾಂಪೌಂಡ್ ಮೇಲೆ ಕಾಗೆ ಕೂತಿತ್ತು.

ಗೂಡಿನ ಫೋಟೊ ತೆಗೀಬೇಕು ಅನ್ನೋ ಈ ಆಸೆ ನಮಗೆ ಎಲ್ಲಿಂದ ಬಂತು? ಹುಡುಕ್ತಾ ಹೋದಾಗ ಗೊತ್ತಾಗಿದ್ದು: ಹಕ್ಕಿ ಫೋಟೊಗ್ರಫಿ ಬೆಳೆದಿದ್ದೇ ಗೂಡಿನ ಹತ್ತಿರ.

1892ರಲ್ಲಿ ಇಂಗ್ಲೆಂಡಿನ ಕೀರ್ಟನ್ ಸಹೋದರರು, ರಿಚರ್ಡ್ ಮತ್ತು ಚೆರ್ರಿ, ಮೊಟ್ಟೆ ಇದ್ದ ಒಂದು ಗೂಡಿನ ಫೋಟೊ ತೆಗೆದರು. 1895ರಲ್ಲಿ ಬ್ರಿಟನ್ನಿನ ಹಕ್ಕಿಗಳ ಗೂಡುಗಳ ಬಗ್ಗೆ ಪುಸ್ತಕವನ್ನೇ ತಂದರು. ಗೂಡೇ ಯಾಕೆ? ಲೆಕ್ಕ ಸುಲಭ. ಆಗಿನ ಪ್ಲೇಟುಗಳಿಗೆ ಬೆಳಕು ಜಾಸ್ತಿ ಬೇಕಿತ್ತು. ಹಾರೋ ಹಕ್ಕಿ ಸಿಗ್ತಿರಲಿಲ್ಲ. ಗೂಡು ಕದಲಲ್ಲ. ಮರಿಗಳಿಗೆ ಗುಟುಕು ಕೊಡೋಕೆ ತಾಯಿ ಅಲ್ಲಿಗೇ ವಾಪಸ್ ಬರಲೇಬೇಕು. ಹಕ್ಕಿಗಳಿಗೆ ಅನುಮಾನ ಬರಬಾರದು ಅಂತ ಈ ಸಹೋದರರು ಎತ್ತಿನ ಚರ್ಮದೊಳಗೆ ಟೊಳ್ಳು ಮಾಡಿ, ಅದರ ಹೊಟ್ಟೆಯಲ್ಲಿ ಕ್ಯಾಮೆರಾ ಸಮೇತ ಅಡಗಿ ಕೂತಿದ್ದೂ ಉಂಟು!

ನಮ್ಮ ದೇಶದಲ್ಲಿ ಈ ಚಟ ಬೇಟೆಯ ಜತೆ ಪೈಪೋಟಿ ಮಾಡ್ತಾ ಬೆಳೀತು. ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯು. ಚಾಂಪಿಯನ್ ಕಾಡಿನ ದಾರಿಗೆ ತಂತಿ ಕಟ್ಟಿ, ಹುಲಿ ತಾನೇ ತುಳಿದು ತನ್ನ ಫೋಟೊ ತೆಗೆದುಕೊಳ್ಳೋ ಹಾಗೆ ಮಾಡಿದರು. 1927ರಲ್ಲಿ ಅವರ ಪುಸ್ತಕ ಬಂತು. ಬಂದೂಕಿನ ಬದಲು ಕ್ಯಾಮೆರಾ ಹಿಡಿಯಿರಿ ಅನ್ನೋದು ಅವರ ವಾದ. ಜಿಮ್ ಕಾರ್ಬೆಟ್ ಕ್ಯಾಮೆರಾ ಕಡೆ ತಿರುಗಿದ್ದರಲ್ಲಿ ಚಾಂಪಿಯನ್ ಪಾತ್ರ ದೊಡ್ಡದು.

ಕರ್ನಾಟಕಕ್ಕೆ ಬಂದ್ರೆ, 1940ರಲ್ಲಿ ಸಲೀಂ ಅಲಿ ಸಲಹೆಯಂತೆ ರಂಗನತಿಟ್ಟು ಪಕ್ಷಿಧಾಮ ಆಯ್ತು. ಆಮೇಲೆ ಬೆಂಗಳೂರಿನಲ್ಲಿ ಓ.ಸಿ. ಎಡ್ವರ್ಡ್ಸ್, ಅವರ ಶಿಷ್ಯ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್. ಸಂಡೂರಿನ ಎಂ.ವೈ. ಘೋರ್ಪಡೆ ಅವರಂತೂ ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಮಂತ್ರಿ; ಕಾಮರ್ಸ್ ಓದಿದ ನನಗೆ ಬಜೆಟ್ ಮಂಡಿಸೋ ಕೈಯಲ್ಲೇ ಕ್ಯಾಮೆರಾ ಇತ್ತು ಅನ್ನೋದೇ ಖುಷಿ. ದರೋಜಿ ಕರಡಿಧಾಮ ಆಗೋಕೆ ಅವರ ಆಸಕ್ತಿಯೂ ಕಾರಣ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಕ್ಯಾಮೆರಾ ಹೊತ್ತು ಹಕ್ಕಿಗಳ ಹಿಂದೆ ಅಲೆದದ್ದಂತೂ ಕನ್ನಡಿಗರಿಗೆಲ್ಲ ಗೊತ್ತು.

ಈಗ ಆ ಕಾಲದ ಕೆಲಸ ಹೇಗಿತ್ತು ನೋಡಿ. ಒಂದು ರೋಲಿಗೆ 36 ಫ್ರೇಮ್. ಪ್ರತಿ ಕ್ಲಿಕ್ಕಿಗೂ ದುಡ್ಡು. ಫಿಲಂ ತೊಳೆಯೋವರೆಗೂ ಏನು ಬಂದಿದೆ ಗೊತ್ತಿಲ್ಲ. ಹಾಗಾಗಿ ಬಟ್ಟೆಯ ಮರೆ ಕಟ್ಟಿ, ಅದನ್ನ ದಿನಕ್ಕಿಷ್ಟು ಅಂತ ಗೂಡಿನ ಹತ್ತಿರಕ್ಕೆ ಸರಿಸ್ತಾ ಹೋಗ್ತಿದ್ದರು. ಇಬ್ಬರು ಮರೆಯೊಳಗೆ ಹೋಗಿ, ಒಬ್ಬರು ಕಾಣೋ ಹಾಗೆ ಎದ್ದು ಹೊರಡೋರು. ಹಕ್ಕಿಗೆ ಎಣಿಕೆ ಬರಲ್ಲ, ಎಲ್ಲರೂ ಹೋದ್ರು ಅಂದ್ಕೊಂಡು ವಾಪಸ್ ಬರುತ್ತೆ ಅನ್ನೋ ಲೆಕ್ಕ. ಇದಕ್ಕೆಲ್ಲ ತಾಳ್ಮೆ ಬೇಕಿತ್ತು, ಹಕ್ಕಿಯ ದಿನಚರಿ ಗೊತ್ತಿರಬೇಕಿತ್ತು. ಆದ್ರೂ ಎಲೆ ಸರಿಸೋದು, ರೆಂಬೆ ಕಟ್ಟೋದು ಆಗಲೂ ಇತ್ತು. ಎಲೆ ಅಂದ್ರೆ ಮರಿಗಳಿಗೆ ನೆರಳು, ಕಾಗೆ ಕಣ್ಣಿಗೆ ಪರದೆ. ಅದನ್ನ ತೆಗೆದ್ರೆ ಎರಡೂ ಹೋಯ್ತು.

ಇವತ್ತು ಆ ಲೆಕ್ಕ ಪೂರ್ತಿ ಬದಲಾಗಿದೆ. ಸೆಕೆಂಡಿಗೆ 20 ಫ್ರೇಮ್ ತೆಗೆಯೋ ಕ್ಯಾಮೆರಾ ಇದೆ, ಕ್ಲಿಕ್ಕಿಗೆ ಖರ್ಚಿಲ್ಲ, ಹಾರೋ ಹಕ್ಕಿಯ ಕಣ್ಣಿಗೆ ಫೋಕಸ್ ಅದೇ ಹಿಡಿಯುತ್ತೆ. ಕೀರ್ಟನ್ನರಿಗೆ ಗೂಡು ಬಿಟ್ಟರೆ ದಾರಿ ಕಮ್ಮಿ ಇತ್ತು. ನಮಗೆ ಆ ನೆಪ ಇಲ್ಲ. ಇನ್ನೊಂದು ವ್ಯತ್ಯಾಸ ಸಂಖ್ಯೆಯದ್ದು. ಆಗ ಒಂದು ಗೂಡಿಗೆ ಒಬ್ಬ ಫೋಟೊಗ್ರಾಫರ್ ಬಂದ್ರೆ ಹೆಚ್ಚು. ಈಗ ಲೊಕೇಶನ್ ವಾಟ್ಸಾಪಿಗೆ ಬಿದ್ರೆ ಭಾನುವಾರ ಬೆಳಗ್ಗೆ ಮರದ ಕೆಳಗೆ ಜಾತ್ರೆ. ಅದಕ್ಕೇ ಹಲವು ಸ್ಪರ್ಧೆಗಳು ಗೂಡಿನ ಫೋಟೊ ತಗೊಳ್ಳೋದನ್ನೇ ನಿಲ್ಲಿಸಿವೆ.

ಕೊನೇದಾಗಿ, ನನ್ನನ್ನ ನಿಜಕ್ಕೂ ತಟ್ಟಿದ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದ್ರೆ ಏನು ಅಂತ ವಿವರಣೆ ಇದೆ. ಕೊಲ್ಲೋದು, ಹಿಡಿಯೋದು ಎಲ್ಲ ಸರಿ. ಅದೇ ಸಾಲಿನಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡೋದೂ ಸೇರಿದೆ. ಚಾಂಪಿಯನ್ ಬಂದೂಕು ಬಿಟ್ಟು ಕ್ಯಾಮೆರಾ ಹಿಡೀರಿ ಅಂದ್ರು. ನಾನು ಕ್ಯಾಮೆರಾ ಹಿಡಿದೇ ಬೇಟೆ ಆಡಿದ್ದೆ, ದಾಸವಾಳದ ಗಿಡದ ಹತ್ತಿರ, ಒಂದು ಮೊಳ ದಾರದಲ್ಲಿ.

ಮುಂಗಾರು ಬರ್ತಿದೆ, ಗೂಡುಗಳ ಕಾಲ. ಗೂಡು ಕಂಡ್ರೆ ಹಿಂದಕ್ಕೆ ಬನ್ನಿ, ಲೊಕೇಶನ್ ಯಾರಿಗೂ ಕಳಿಸಬೇಡಿ. ಮರಿ ಹಾರೋಕೆ ಕಲಿತ ಮೇಲೆ ಫೋಟೊ ಇದ್ದೇ ಇದೆ. ಮುಂದಿನ ವಾರ ಸಿಗೋಣ.