ಕುಬ್ಜ ಮರಕ್ಕೆ ಬೇಕಾದದ್ದು ಬಿಡುವು

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಬಂದವರು ಬೋನ್ಸಾಯ್ ಮರಗಳ ಮುಂದೆ ಕೊಂಚ ಹೊತ್ತು ನಿಲ್ಲದೆ ಹೋಗುವುದು ಅಪರೂಪ. ಗೇಣುದ್ದದ ಆಲದ ಮರ, ಅದಕ್ಕೆ ದಾರದಂತಹ ಬಿಳಲುಗಳು, ಕೆಳಗೊಂದು ಅಗಲವಾದ ತಟ್ಟೆ! ಆದರೆ ಇಂತಹ ಮರದ ಬೆಲೆ ಕೇಳಿದ ನಿವೃತ್ತ ನೌಕರರು ‘ಇದು ನಮ್ಮಂಥವರಿಗಲ್ಲ’ ಎಂದು ಮುಂದೆ ನಡೆಯುತ್ತಾರೆ. ಸಿದ್ಧವಾದ ಮರವನ್ನು ಕೊಳ್ಳುವವರ ಮಟ್ಟಿಗೆ ಈ ಮಾತು ನಿಜ. ಸ್ವತಃ ಬೆಳೆಸುವವರ ಮಟ್ಟಿಗೆ ನಿಜವಲ್ಲ. ಅಲ್ಲಿ ಬೆಲೆ ಕಟ್ಟಿರುವುದು ಮರದ ಹಿಂದೆ ಯಾರೋ ಕಳೆದ ವರ್ಷಗಳಿಗೆ. ಪಿಂಚಣಿದಾರರ ಬಳಿ ಧಾರಾಳವಾಗಿ ಇರುವುದೂ ಅದೇ.

ಜಪಾನೀ ಭಾಷೆಯಲ್ಲಿ ‘ಬೋನ್’ ಎಂದರೆ ತಟ್ಟೆಯಂತಹ ಕುಂಡ, ‘ಸಾಯ್’ ಎಂದರೆ ನೆಟ್ಟದ್ದು. ಹೆಸರು ಜಪಾನಿನದಾದರೂ ಕಲೆಯ ತವರು ಚೀನಾ. ಅಲ್ಲಿ ಕ್ರಿ.ಶ. 706ರಲ್ಲಿ ಕಟ್ಟಿದ ರಾಜಕುಮಾರ ಝಾಂಗ್‌ಹುಆಯ್‌ನ ಸಮಾಧಿಯ ಭಿತ್ತಿಚಿತ್ರದಲ್ಲಿ, ಪುಟ್ಟ ಗಿಡಗಳೂ ಕಲ್ಲುಗಳೂ ಇರುವ ತಟ್ಟೆಯನ್ನು ಸೇವಕರು ಹಿಡಿದು ನಿಂತಿದ್ದಾರೆ. ಬೌದ್ಧ ಭಿಕ್ಷುಗಳ ಓಡಾಟದೊಂದಿಗೆ ಈ ಅಭಿರುಚಿ ಕಡಲು ದಾಟಿತು. 1309ರ ಒಂದು ಜಪಾನೀ ಚಿತ್ರಸುರುಳಿಯಲ್ಲಿ ಕುಂಡದ ಮರಗಳು ಸ್ಪಷ್ಟವಾಗಿ ಕಾಣಿಸುತ್ತವೆ.

ಜಪಾನಿನ ಕಥೆಗಳಲ್ಲಿ ಈ ಮರಗಳ ಒಡೆಯ ಶ್ರೀಮಂತನೇ ಆಗಿರಬೇಕಿಲ್ಲ. ‘ಹಚಿ ನೊ ಕಿ’, ಅಂದರೆ ‘ಕುಂಡದ ಮರ’, ಎಂಬ ಪ್ರಸಿದ್ಧ ನೋ ನಾಟಕದ ನಾಯಕ ಸಾನೊ ತ್ಸುನೆಯೊ ಜಮೀನು ಕಳೆದುಕೊಂಡ ಬಡ ಯೋಧ. ಹಿಮ ಸುರಿಯುವ ಒಂದು ರಾತ್ರಿ ಸನ್ಯಾಸಿಯೊಬ್ಬ ಅವನ ಗುಡಿಸಲಿಗೆ ಬರುತ್ತಾನೆ. ಒಲೆಗೆ ಸೌದೆಯಿಲ್ಲ. ಉಳಿದಿರುವ ಸಂಪತ್ತೆಂದರೆ ಪ್ಲಮ್, ಚೆರ್ರಿ ಮತ್ತು ಪೈನ್‌ನ ಮೂರು ಕುಬ್ಜ ಮರಗಳು. ತ್ಸುನೆಯೊ ಅವನ್ನೇ ಕಡಿದು ಅತಿಥಿಗೆ ಬೆಂಕಿ ಕಾಯಿಸುತ್ತಾನೆ. ಆ ಸನ್ಯಾಸಿ ನಿಜದಲ್ಲಿ 1256ರಲ್ಲಿ ಅಧಿಕಾರ ಬಿಟ್ಟು ದೀಕ್ಷೆ ಪಡೆದಿದ್ದ ಆಡಳಿತಗಾರ ಹೋಜೊ ತೊಕಿಯೊರಿ. ಕೊನೆಗೆ ಯೋಧನಿಗೆ ಆ ಮೂರು ಮರಗಳ ಹೆಸರು ಹೊತ್ತ ಮೂರು ಜಹಗೀರುಗಳು ದೊರೆಯುತ್ತವೆ. ಕಥೆಯಲ್ಲಿ ಕಲ್ಪನೆ ಬೆರೆತಿರಬಹುದು. ಆದರೆ ಎಲ್ಲವನ್ನೂ ಕಳೆದುಕೊಂಡವನೂ ಇಂತಹ ಮರಗಳನ್ನು ಸಾಕುತ್ತಿದ್ದನೆಂದರೆ ಆ ಕಾಲದ ಪ್ರೇಕ್ಷಕರಿಗೆ ಅದು ಅಸಹಜವೆನಿಸಿರಲಿಲ್ಲ.

ಎಡೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಈ ಅಭಿರುಚಿ ಅರಮನೆಯಿಂದ ಗಲ್ಲಿಗಳವರೆಗೆ ಹರಡಿತು. ಮೂರನೆಯ ಶೋಗನ್ ಇಯೆಮಿತ್ಸುವಿಗೆ ಕುಂಡದ ಮರಗಳ ಹುಚ್ಚು. ಅವನ ಹೆಸರಿನ ಪೈನ್ ಮರವೊಂದು ಇಂದಿಗೂ ಟೋಕಿಯೋ ಅರಮನೆಯ ಸಂಗ್ರಹದಲ್ಲಿದೆ. ಇತ್ತ ಸಾಮಾನ್ಯರ ಬೀದಿಗಳಲ್ಲಿ ಗಿಡ ಮಾರುವವರು ಕಾವಡಿ ಹೊತ್ತು ತಿರುಗುತ್ತಿದ್ದರು. ದೇವಸ್ಥಾನದ ಜಾತ್ರೆಗಳಲ್ಲಿ ಕುಂಡದ ಗಿಡಗಳ ವ್ಯಾಪಾರ ನಡೆಯುತ್ತಿತ್ತು. ಮನೆಯ ಯಜಮಾನಿಕೆಯನ್ನು ಮಗನಿಗೆ ಒಪ್ಪಿಸಿ ಹಿಂದೆ ಸರಿಯುವ ‘ಇಂಕ್ಯೊ’ ಎಂಬ ಪದ್ಧತಿಯೂ ಅಲ್ಲಿತ್ತು. ನಮ್ಮ ವಾನಪ್ರಸ್ಥವನ್ನು ನೆನಪಿಸುವ, ಆದರೆ ಕಾಡಿಗೆ ಹೋಗಬೇಕಿಲ್ಲದ ವ್ಯವಸ್ಥೆ ಇದು. ಬೋನ್ಸಾಯ್ ಮುದುಕರ ಹವ್ಯಾಸ ಎಂಬ ಮಾತು ಜಪಾನಿನಲ್ಲಿ ಇಂದಿಗೂ ಕೇಳಿಬರುತ್ತದೆ.

1923ರ ಭೂಕಂಪದಲ್ಲಿ ಟೋಕಿಯೋ ನೆಲಕಚ್ಚಿತು. 1925ರಲ್ಲಿ ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಳ್ಳೆಯ ಮಣ್ಣು, ನೀರು ಅರಸಿ ಓಮಿಯಾ ಎಂಬಲ್ಲಿ ಹಳ್ಳಿ ಕಟ್ಟಿಕೊಂಡರು. ಅಲ್ಲಿ ನೆಲೆಸುವವರು ಕನಿಷ್ಠ 10 ಕುಬ್ಜ ಮರಗಳನ್ನು ಸಾಕಬೇಕು, ನೋಡಬಂದವರಿಗೆ ಬಾಗಿಲು ತೆರೆದಿಡಬೇಕು, ಮಹಡಿ ಮನೆ ಕಟ್ಟಬಾರದು ಎಂಬ ಕಟ್ಟಳೆಗಳಿದ್ದವು.

ಮರವನ್ನು ಹೀಗೆ ಕುಗ್ಗಿಸುವುದು ಹಿಂಸೆಯಲ್ಲವೆ? ಪ್ರಶ್ನೆ ಹಳೆಯದು. 14ನೆಯ ಶತಮಾನದ ಭಿಕ್ಷು ಕೆಂಕೊ ಕೂಡ ತಿರುಚಿದ ಕುಂಡದ ಮರಗಳ ಮೋಹವನ್ನು ಪ್ರಶ್ನಿಸುವ ಪ್ರಸಂಗವೊಂದನ್ನು ಬರೆದಿದ್ದಾನೆ. ಆದರೆ ಹಸಿವಿನಿಂದ ಸೊರಗಿದ ಮರ ಬೋನ್ಸಾಯ್ ಆಗದು, ಸಾಯುತ್ತದೆ. ಇದು ಬೇರೆ ತಳಿಯ ಮರವೂ ಅಲ್ಲ. ಚಿಗುರು ಚಿವುಟುವುದು, ಒಂದೆರಡು ವರ್ಷಕ್ಕೊಮ್ಮೆ ಬೇರು ಕತ್ತರಿಸಿ ಹೊಸ ಮಣ್ಣು ಕೊಡುವುದು, ತಪ್ಪದೆ ನೀರೆರೆಯುವುದು, ಕುಬ್ಜತನದ ಗುಟ್ಟು ಇಷ್ಟೆ. ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಬೇಕು ಎಂಬುದು ಜಪಾನೀ ಗಾದೆ.

ನಮ್ಮಲ್ಲಿ ಇದಕ್ಕೆ ತಗಲುವ ಖರ್ಚು ಅಲ್ಪ. ಹಳೆಯ ಗೋಡೆಯ ಬಿರುಕಿನಲ್ಲಿ, ತಾರಸಿಯ ನೀರು ಹೋಗುವ ಕೊಳವೆಯ ಬಾಯಲ್ಲಿ ಆಲ, ಅರಳಿ, ಬಸರಿಯ ಸಸಿಗಳು ತಾವಾಗಿ ಹುಟ್ಟುತ್ತವೆ. ಮನೆಯವರು ಕಿತ್ತೆಸೆಯುವ ಆ ಸಸಿಯೇ ಮೊದಲ ಬಂಡವಾಳ. ಹುಣಸೆ ಬೀಜ ಅಡುಗೆಮನೆಯಲ್ಲೇ ಸಿಗುತ್ತದೆ. ಕುಂಬಾರರ ಅಗಲ ಬಾಯಿಯ ಕುಂಡಕ್ಕೆ ತೂತು ಕೊರೆದು, ಕೆಮ್ಮಣ್ಣಿಗೆ ಇಟ್ಟಿಗೆ ಚೂರು ಮತ್ತು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು. ಒಂದು ಒಳ್ಳೆಯ ಕತ್ತರಿ, ಕೊಂಬೆ ಬಾಗಿಸಲು ಸ್ವಲ್ಪ ಅಲ್ಯೂಮಿನಿಯಂ ತಂತಿ ಇದ್ದರಾಯಿತು. ತಂತಿ ತೊಗಟೆಯನ್ನು ಕಚ್ಚುವ ಮೊದಲೇ ಬಿಚ್ಚಬೇಕು. ಮರವನ್ನು ಬಿಸಿಲು ಬೀಳುವ ಕಡೆಯೇ ಇಡಬೇಕು. ಕೋಣೆಯ ಮೂಲೆ ಅದಕ್ಕೆ ಆಗಿಬರದು.

ಅರವತ್ತರಲ್ಲಿ ಆರಂಭಿಸಿದರೆ ಮರ ಮಾಗುವುದನ್ನು ನೋಡಲಾದೀತೆ ಎಂಬ ಸಂಶಯ ಸಹಜ. ಆಲದ ಜಾತಿಯ ಮರಗಳು ನಮ್ಮ ಹವೆಯಲ್ಲಿ ಬೇಗ ಬೆಳೆಯುವುದರಿಂದ ಕೆಲವೇ ವರ್ಷಗಳಲ್ಲಿ ಮರದ ಕಳೆ ಬರುತ್ತದೆ. ಇನ್ನೂ ದೊಡ್ಡ ಸಮಾಧಾನ ವಾಷಿಂಗ್ಟನ್ನಿನ ಬೋನ್ಸಾಯ್ ವಸ್ತುಸಂಗ್ರಹಾಲಯದಲ್ಲಿದೆ. 1976ರಲ್ಲಿ ಅಮೆರಿಕದ ದ್ವಿಶತಮಾನೋತ್ಸವಕ್ಕೆ ಜಪಾನ್ ಕೊಟ್ಟ 53 ಮರಗಳಲ್ಲಿ ಮಸಾರು ಯಮಾಕಿ ಎಂಬ ಬೋನ್ಸಾಯ್ ನಿಪುಣರು ಕೊಟ್ಟ ಬಿಳಿ ಪೈನ್ ಒಂದು. ಅದರ ಆರೈಕೆ ಆರಂಭವಾದದ್ದು 1625ರಲ್ಲಿ. 2001ರಲ್ಲಿ ಅವರ ಮೊಮ್ಮಕ್ಕಳು ಅದನ್ನು ನೋಡಲು ಬಂದಾಗಲೇ ಒಂದು ಸಂಗತಿ ಹೊರಬಿದ್ದಿತು. 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಬಾಂಬು ಬಿದ್ದ ಸ್ಥಳದಿಂದ ಸುಮಾರು ಮೂರು ಕಿಲೋಮೀಟರ್ ದೂರದ ಮನೆಯಂಗಳದಲ್ಲಿ, ಗೋಡೆಯೊಂದರ ಮರೆಯಲ್ಲಿ ಆ ಮರ ಬದುಕಿ ಉಳಿದಿತ್ತು.

ನಾಲ್ಕು ಶತಮಾನಗಳಲ್ಲಿ ಅದಕ್ಕೆ ನೀರೆರೆದವರಲ್ಲಿ ಒಬ್ಬರೂ ಅದರ ಮೊದಲ ದಿನವನ್ನೂ ಇಂದಿನ ರೂಪವನ್ನೂ ಕಂಡಿಲ್ಲ. ತಮ್ಮ ಪಾಲಿನ ಕೆಲವು ವರ್ಷ ಅವರು ನೋಡಿಕೊಂಡರು, ಬಳಿಕ ಮುಂದಿನವರ ಕೈಗೆ ಕೊಟ್ಟರು. ಅಷ್ಟು ಕೆಲಸಕ್ಕೆ ಅರವತ್ತು ತಡವಾದ ವಯಸ್ಸೇನಲ್ಲ.