ನಕ್ಷತ್ರವಲ್ಲದ ನಕ್ಷತ್ರ

ದಾಖಲೆಯಲ್ಲಿ ಒಮ್ಮೆ ತಪ್ಪಾಗಿ ಬಿದ್ದ ಹೆಸರು ಸುಲಭವಾಗಿ ಅಳಿಯುವುದಿಲ್ಲ. ಜಮೀನಿನ ಲೆಕ್ಕಪತ್ರಗಳಲ್ಲಿ ಇದು ಬಹಳ ಮಂದಿಗೆ ಅನುಭವಕ್ಕೆ ಬಂದ ಸಂಗತಿ. ಆಕಾಶದ ಲೆಕ್ಕಪತ್ರದಲ್ಲಿಯೂ ಹಾಗೆಯೇ. ನಾನು ಇಂದು ಹೇಳಹೊರಟಿರುವುದು ಅಂತಹ ಒಂದು ಹೆಸರಿನ ಕಥೆಯನ್ನು.

೧೯೨೯ರಲ್ಲಿ ಜರ್ಮನಿಯ ಕೂನೋ ಹಾಫ್‌ಮೈಸ್ಟರ್ ಎಂಬ ಖಗೋಳಜ್ಞರು ಲ್ಯಾಸರ್ಟಾ, ಅಂದರೆ ಹಲ್ಲಿ, ಎಂಬ ಸಣ್ಣ ನಕ್ಷತ್ರಪುಂಜದಲ್ಲಿ ಬೆಳಕು ಏರಿಳಿಯುವ ಒಂದು ಮಸುಕು ಚುಕ್ಕೆಯನ್ನು ಗುರುತಿಸಿದರು. ಇಂತಹ ಚಂಚಲ ತಾರೆಗಳನ್ನು ಸಾವಿರಗಟ್ಟಲೆ ಹುಡುಕಿ ತೆಗೆದ ಪರಿಶ್ರಮಿ ಅವರು. ಆ ರಾಶಿಯಲ್ಲಿ ಇದೂ ಒಂದಾಯಿತು. ಪದ್ಧತಿಯಂತೆ ಎರಡಕ್ಷರದ ಗುರುತು ಪಡೆದು, ಬಿ.ಎಲ್. ಲ್ಯಾಸರ್ಟೆ ಎಂಬ ಹೆಸರಿನಿಂದ ಪಟ್ಟಿಯನ್ನು ಸೇರಿ, ಸುಮಾರು ನಲವತ್ತು ವರ್ಷ ನಕ್ಷತ್ರವಾಗಿಯೇ ಉಳಿಯಿತು.

೧೯೬೮ರಲ್ಲಿ ಜಾನ್ ಸ್ಮಿಟ್ ಎಂಬುವರು, ಪ್ರಬಲವಾದ ರೇಡಿಯೋ ಅಲೆಗಳನ್ನು ಸೂಸುವ ಒಂದು ಆಕರವು ಸರಿಯಾಗಿ ಈ ಚುಕ್ಕೆಯ ಜಾಗದಲ್ಲಿಯೇ ಇದೆಯೆಂದು ತೋರಿಸಿದರು. ಸಾಮಾನ್ಯ ನಕ್ಷತ್ರಕ್ಕೆ ಅಷ್ಟು ಶಕ್ತಿ ಇರುವುದಿಲ್ಲ. ಅದರ ಬೆಳಕನ್ನು ರೋಹಿತವಾಗಿ ಬಿಡಿಸಿ ನೋಡಿದರೆ ಮತ್ತೊಂದು ವಿಚಿತ್ರ: ಗುರುತು ಹೇಳುವ ರೇಖೆಯೊಂದೂ ಅಲ್ಲಿರಲಿಲ್ಲ. ರೇಖೆಯಿಲ್ಲದೆ ದೂರವನ್ನು ಅಳೆಯುವ ಬಗೆ ಹೇಗೆ? ೧೯೭೪ರಲ್ಲಿ ಓಕ್ ಮತ್ತು ಗನ್ ಎಂಬಿಬ್ಬರು ಪಾಲೊಮಾರ್ ಬೆಟ್ಟದ ೨೦೦ ಅಂಗುಲದ ದೂರದರ್ಶಕದಿಂದ ಮಾಡಿದ ಕೆಲಸ ಈ ಇತಿಹಾಸದಲ್ಲಿ ನನಗೆ ಬಹಳ ಹಿಡಿಸಿದ್ದು. ದೀಪದ ಕುಡಿಯನ್ನು ಅಂಗೈಯಿಂದ ಮರೆಮಾಡಿ ಅದರ ಸುತ್ತಲಿನ ಗೋಡೆಯನ್ನು ನೋಡುವಂತೆ, ಅವರು ನಡುವಣ ಪ್ರಖರ ಬಿಂದುವನ್ನು ಮರೆಮಾಡಿ, ಸುತ್ತಲಿನ ಮಬ್ಬನ್ನು ಮಾತ್ರ ಪರೀಕ್ಷಿಸಿದರು. ಆ ಮಬ್ಬು ಒಂದು ಗೆಲಾಕ್ಸಿ. ಅದರ ರೇಖೆಗಳು ಕೆಂಪಿನ ಕಡೆಗೆ ಶೇಕಡಾ ೭ರಷ್ಟು ಸರಿದಿದ್ದವು. ಎಲ್ಲರೂ ಒಡನೆಯೇ ಒಪ್ಪಲಿಲ್ಲವಾದರೂ ಮುಂದಿನ ವೀಕ್ಷಣೆಗಳು ಇದನ್ನು ಸ್ಥಿರಪಡಿಸಿದವು. ನಮ್ಮ ನೆರೆಯ ತಾರೆಯೆಂದು ಬರೆದುಕೊಂಡದ್ದು ಸುಮಾರು ೯೦ ಕೋಟಿ ಜ್ಯೋತಿರ್ವರ್ಷಗಳಾಚೆ ಇತ್ತು! ಆದರೂ ಚಂಚಲ ತಾರೆಗಳ ಪಟ್ಟಿಯಲ್ಲಿ ಅದರ ಹೆಸರು ಇಂದಿಗೂ ಇದೆ.

೧೯೭೮ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಇಂತಹ ಕಾಯಗಳನ್ನು ಕುರಿತು ಒಂದು ಸಮ್ಮೇಳನ ನಡೆಯಿತು. ಭೋಜನಾನಂತರದ ಭಾಷಣದಲ್ಲಿ ಎಡ್ ಸ್ಪೀಗೆಲ್ ವಿನೋದವಾಗಿ ಬಿ.ಎಲ್. ಲ್ಯಾಸರ್ಟೆ ಮತ್ತು ಕ್ವೇಸಾರ್ ಎರಡನ್ನೂ ಬೆಸೆದು ಬ್ಲೇಜಾರ್ ಎಂಬ ಪದವನ್ನು ಹುಟ್ಟಿಸಿದರು. ಇಂಗ್ಲಿಷಿನಲ್ಲಿ ಅದಕ್ಕೆ ಧಗಧಗಿಸುವುದೆಂಬ ಧ್ವನಿಯೂ ಇದೆ. ಹೆಸರಿಗಿಂತ ಮುಖ್ಯವಾದದ್ದು ಅಲ್ಲಿ ಬ್ಲಾಂಡ್‌ಫರ್ಡ್ ಮತ್ತು ರೀಸ್ ಮಂಡಿಸಿದ ವಿಚಾರ. ಗೆಲಾಕ್ಸಿಯ ನಡುವಿನ ಭಾರಿ ಕೃಷ್ಣವಿವರದ ಬಳಿಯಿಂದ ಎರಡು ಧಾರೆಗಳು ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಚಿಮ್ಮುತ್ತವೆ. ಅವುಗಳಲ್ಲೊಂದು ಹೆಚ್ಚುಕಡಿಮೆ ನೇರವಾಗಿ ನಮ್ಮತ್ತ ಮುಖ ಮಾಡಿದೆ. ಅಂತಹ ವೇಗದಲ್ಲಿ ಬೆಳಕು ಮುಂದಕ್ಕೇ ಒತ್ತರಿಸಿಕೊಂಡು ಬಹುಪಾಲು ಪ್ರಖರವಾಗಿ ಕಾಣುತ್ತದೆ, ಅದರ ಏರಿಳಿತಗಳೂ ನಮಗೆ ತ್ವರಿತಗೊಂಡು ತೋರುತ್ತವೆ.

ಧಾರೆ ಚಿಮ್ಮಿತು, ಸರಿ. ಅದರೊಳಗಿನ ಒಂದೊಂದು ಕಣಕ್ಕೆ ಅಷ್ಟು ಶಕ್ತಿ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರದ ಬೀಜ ೧೯೪೯ರಷ್ಟು ಹಿಂದೆಯೇ ಬಿದ್ದಿತ್ತು. ವಿಶ್ವಕಿರಣಗಳ ಮೂಲವನ್ನು ಚಿಂತಿಸುತ್ತಿದ್ದ ಎನ್ರಿಕೋ ಫರ್ಮಿಯವರು, ಅಲೆದಾಡುವ ಅನಿಲಮೋಡಗಳ ಕಾಂತಕ್ಷೇತ್ರಕ್ಕೆ ತಾಗಿ ಕಣಗಳು ಪುಟಿಯುತ್ತವೆ ಎಂದರು. ಎದುರಿನಿಂದ ಬರುವ ಮೋಡಕ್ಕೆ ತಾಗಿದರೆ, ಬೀಸಿದ ದಾಂಡಿಗೆ ಸಿಕ್ಕ ಚೆಂಡಿನಂತೆ, ಕಣಕ್ಕೆ ಲಾಭ. ದೂರ ಸರಿಯುವ ಮೋಡಕ್ಕೆ ತಾಗಿದರೆ ನಷ್ಟ. ಎದುರು ಬರುವ ತಾಗುಗಳೇ ಹೆಚ್ಚಾದ್ದರಿಂದ ಕೊನೆಗೆ ಲಾಭವೇ ಉಳಿಯುತ್ತದೆ, ಆದರೆ ಅದು ಅತ್ಯಲ್ಪ. ೧೯೭೭-೭೮ರಲ್ಲಿ ಕ್ರಿಮ್ಸ್ಕಿ, ಬೆಲ್, ಮೇಲೆ ಹೇಳಿದ ಬ್ಲಾಂಡ್‌ಫರ್ಡ್ ಮತ್ತು ಅವರ ಸಂಗಡಿಗ ಆಸ್ಟ್ರೈಕರ್ ಮೊದಲಾದವರು ಬೇರೆಬೇರೆಯಾಗಿ ಒಂದೇ ಉತ್ತಮ ದಾರಿಯನ್ನು ಕಂಡರು. ವೇಗದ ಹರಿವು ನಿಧಾನದ ಹರಿವಿಗೆ ಹೊಡೆದಾಗ ನಡುವೆ ಆಘಾತ ತರಂಗವೊಂದು ನಿಲ್ಲುತ್ತದೆ. ಅದರ ಯಾವ ಬದಿಯಲ್ಲಿ ನಿಂತು ನೋಡಿದರೂ ಇನ್ನೊಂದು ಬದಿ ತನ್ನತ್ತ ಬರುತ್ತಿರುವಂತೆಯೇ ಕಾಣುವುದು. ಆದ್ದರಿಂದ ಅದನ್ನು ಹಾಯುವ ಕಣಕ್ಕೆ ಪ್ರತಿ ದಾಟಿಗೂ ಲಾಭವೇ, ನಷ್ಟದ ಮಾತಿಲ್ಲ. ಹೀಗೆ ಕೊಬ್ಬಿದ ಎಲೆಕ್ಟ್ರಾನುಗಳು ಕಾಂತರೇಖೆಗಳ ಸುತ್ತ ಸುರುಳಿ ಸುತ್ತುತ್ತ ರೇಡಿಯೋ ಅಲೆಯಿಂದ ಕ್ಷ-ಕಿರಣದವರೆಗೆ ಸೂಸುತ್ತವೆ. ಎದುರಾದ ಬೆಳಕಿನ ಕಣಗಳನ್ನು ಒದ್ದು ಗ್ಯಾಮ ಕಿರಣಗಳನ್ನಾಗಿ ಮಾಡುತ್ತವೆ.

ಇಷ್ಟು ತಿಳಿದ ಮೇಲೆ ತೊಡಕು ತಂದದ್ದು ಕಾಲ. ೧೯೯೬ರ ಮೇ ೧೫ರಂದು ಅರಿಜೋನಾದ ವಿಪಲ್ ದೂರದರ್ಶಕ ನೋಡುತ್ತಿದ್ದಂತೆ ಮಾರ್ಕೇರಿಯನ್ ೪೨೧ ಎಂಬ ಬ್ಲೇಜಾರ್ ಕಾಲುಗಂಟೆಯೊಳಗೆ ಇಮ್ಮಡಿಯಾಗಿ ಭುಗಿಲೆದ್ದಿತು. ೨೦೦೬ರ ಜುಲೈಯಲ್ಲಿ ನಮೀಬಿಯಾದ ಹೆಸ್ ದೂರದರ್ಶಕಗಳು ಪಿ.ಕೆ.ಎಸ್. ೨೧೫೫-೩೦೪ ಎಂಬ ಇನ್ನೊಂದನ್ನು ಕಂಡವು. ಅದು ಇಮ್ಮಡಿಯಾಗಲು ಹಿಡಿದದ್ದು ಮೂರು ನಿಮಿಷದ ಆಸುಪಾಸು. ಬೆಳಕು ಒಂದು ವಸ್ತುವನ್ನು ಅಡ್ಡಹಾಯಲು ಬೇಕಾಗುವ ಹೊತ್ತಿಗಿಂತ ಬೇಗ ಆ ವಸ್ತು ಒಟ್ಟಾಗಿ ಮಿನುಗಲಾರದು. ನೂರು ಕೋಟಿ ಸೂರ್ಯರ ತೂಕದ ಕೃಷ್ಣವಿವರವನ್ನು ಅಡ್ಡಹಾಯಲು ಬೆಳಕಿಗೇ ಐದು ಗಂಟೆಗೂ ಹೆಚ್ಚು ಬೇಕು! ಹಾಗಾದರೆ ಈ ಭುಗಿಲು ಹೊತ್ತಿದ ಮೂಲೆ ಎಷ್ಟು ಚಿಕ್ಕದಿರಬೇಕು, ಅಥವಾ ಅದು ಎಷ್ಟು ರಭಸದಿಂದ ನಮ್ಮತ್ತ ಬರುತ್ತಿರಬೇಕು? ಆಘಾತ ತರಂಗವೊಂದರಿಂದಲೇ ಇದನ್ನು ವಿವರಿಸುವುದು ಕಷ್ಟವೆನಿಸಿ, ಕೆಲವರು ಬೇರೆ ಮಾತು ತೆಗೆದರು: ವಿರುದ್ಧ ದಿಕ್ಕಿನ ಕಾಂತರೇಖೆಗಳು ಹರಿದು ಮತ್ತೆ ಕೂಡಿಕೊಳ್ಳುವಾಗ ಶಕ್ತಿ ಥಟ್ಟನೆ ಬಿಡುಗಡೆಯಾಗಿ, ಧಾರೆಯೊಳಗೇ ಕಿರುಧಾರೆಗಳು ಚಿಮ್ಮುತ್ತವೆ ಎಂದು.

ಇಬ್ಬರ ವಾದಕ್ಕೂ ಸಾಕ್ಷಿ ಬೇಕಾಗಿತ್ತು. ೨೦೨೧ರ ಡಿಸೆಂಬರಿನಲ್ಲಿ ಮೇಲೇರಿದ ಇಕ್ಸ್‌ಪಿ ಎಂಬ ಉಪಗ್ರಹ ಕ್ಷ-ಕಿರಣಗಳ ಧ್ರುವೀಕರಣವನ್ನು, ಅಂದರೆ ಆ ತರಂಗಗಳು ಎಷ್ಟರಮಟ್ಟಿಗೆ ಒಂದೇ ದಿಕ್ಕಿನಲ್ಲಿ ತೊನೆಯುತ್ತವೆ ಎಂಬುದನ್ನು, ಅಳೆಯಬಲ್ಲುದು. ೨೦೨೨ರಲ್ಲಿ ಮಾರ್ಕೇರಿಯನ್ ೫೦೧ ಬ್ಲೇಜಾರಿನ ಕ್ಷ-ಕಿರಣಗಳಲ್ಲಿ ಅದು ಶೇಕಡಾ ೧೦ರಷ್ಟಿತ್ತು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದರ ಅರ್ಧದಷ್ಟು. ಆಘಾತದ ಬಳಿ ಕಾಂತಕ್ಷೇತ್ರ ಶಿಸ್ತಾಗಿರುತ್ತದೆ. ಆಗತಾನೆ ಶಕ್ತಿ ಪಡೆದ ಎಲೆಕ್ಟ್ರಾನು ಅಲ್ಲಿಯೇ ಕ್ಷ-ಕಿರಣವನ್ನು ಸೂಸಿ, ಶಕ್ತಿ ಕಳೆದುಕೊಂಡು ದೂರ ಸಾಗಿದ ಮೇಲೆ ಬೆಳಕನ್ನು ಸೂಸುತ್ತದೆ. ಲೆಕ್ಕ ಆಘಾತದ ಪಕ್ಷಕ್ಕೆ ಕೂಡಿತು. ಆದರೆ ಅಂದು ಆ ಬ್ಲೇಜಾರ್ ಭಾರಿ ಭುಗಿಲಿನ ಸ್ಥಿತಿಯಲ್ಲಿರಲಿಲ್ಲ. ಮೂರು ನಿಮಿಷದ ಭುಗಿಲಿಗೂ ಇದೇ ಉತ್ತರವೆಂದು ಹೇಳಿಬಿಡುವುದು ಅವಸರವೆಂದೇ ನನ್ನ ಭಾವನೆ.

ಧಾರೆಯಲ್ಲಿ ಭುಗಿಲಿಗೆ ಕಾರಣ ಎಲೆಕ್ಟ್ರಾನೋ ಪ್ರೋಟಾನೋ ಎಂಬ ಜಗಳವೂ ಹಳೆಯದೇ. ಪ್ರೋಟಾನಾದರೆ ಅದರ ಘರ್ಷಣೆಯಿಂದ ನ್ಯೂಟ್ರಿನೋ ಎಂಬ ಕಣ ಹುಟ್ಟಬೇಕು. ಈ ಕಣ ನಮ್ಮ ನಾಡಿಗೆ ಅಪರಿಚಿತವಲ್ಲ. ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸಿದ ನ್ಯೂಟ್ರಿನೋಗಳ ಸುಳಿವು ೧೯೬೫ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ದೊರೆತಿತ್ತು. ೨೦೧೭ರ ಸೆಪ್ಟೆಂಬರ್ ೨೨ರಂದು ದಕ್ಷಿಣ ಧ್ರುವದ ಹಿಮದಲ್ಲಿ ಹುದುಗಿಸಿದ ಐಸ್‌ಕ್ಯೂಬ್ ಯಂತ್ರಕ್ಕೆ ಅತಿಶಕ್ತಿಯ ಒಂದು ನ್ಯೂಟ್ರಿನೋ ಸಿಕ್ಕಿತು. ಅದು ಬಂದ ದಿಕ್ಕಿನಲ್ಲಿ ಟಿ.ಎಕ್ಸ್.ಎಸ್. ೦೫೦೬+೦೫೬ ಎಂಬ ಬ್ಲೇಜಾರ್ ಆ ವೇಳೆಗೆ ಭುಗಿಲೆದ್ದು ಉರಿಯುತ್ತಿತ್ತು. ಪ್ರೋಟಾನಿನ ಪಕ್ಷದವರಿಗೆ ಬಲ ಬಂದಿತು.

ಆದರೆ ೨೦೨೩ರ ನವೆಂಬರಿನಲ್ಲಿ ಅದೇ ಉಪಗ್ರಹ ಹಾಫ್‌ಮೈಸ್ಟರರ ಹಳೆಯ ತಾರೆಯತ್ತಲೇ ತಿರುಗಿತು. ಬಿ.ಎಲ್. ಲ್ಯಾಸರ್ಟೆಯ ಬೆಳಕಿನ ಧ್ರುವೀಕರಣ ಆಗ ಶೇಕಡಾ ೪೭.೫ರವರೆಗೆ ಏರಿತು, ಕ್ಷ-ಕಿರಣಗಳಲ್ಲಿ ಮಾತ್ರ ಅದು ಶೇಕಡಾ ೭.೬ನ್ನು ಮುಟ್ಟಲಿಲ್ಲ. ಪ್ರೋಟಾನುಗಳ ಕೆಲಸವಾಗಿದ್ದರೆ ಅದು ಇದಕ್ಕಿಂತ ಬಹಳ ಹೆಚ್ಚಿರಬೇಕಿತ್ತು. ಆ ಕ್ಷ-ಕಿರಣಗಳು ಎಲೆಕ್ಟ್ರಾನುಗಳು ಒದ್ದು ಕಳುಹಿಸಿದ ಬೆಳಕಿನ ಕಣಗಳೆಂದು ೨೦೨೫ರಲ್ಲಿ ಪ್ರಕಟವಾಯಿತು. ಒಂದು ಬ್ಲೇಜಾರ್ ಎಲೆಕ್ಟ್ರಾನಿನ ಪರವಾಗಿ ಸಾಕ್ಷಿ ನುಡಿದಿದೆ, ಇನ್ನೊಂದು ಪ್ರೋಟಾನನ್ನು ಬಿಟ್ಟುಕೊಡುತ್ತಿಲ್ಲ.